ಸ್ಟೆಫಿ ಬರೆದ ಐದು ಪಾಯಿಂಟು

ನಮ್ಮೂರು ಡೋಲಿನಾದ ಐಸ್ ಹಾಕಿ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಪಂದ್ಯದ ಗಡಿಯಾರ ಒತ್ತುವವನು ನಾನು, ಅಂಕಪಟ್ಟಿ ಬರೆಯುವವಳು ಸ್ಟೆಫಾನಿಯಾ ಹ್ರಿಚುಕ್. ಹತ್ತೊಂಬತ್ತು ವರ್ಷದಿಂದ ಒಂದೇ ಗಾಜಿನ ಗೂಡಿನಲ್ಲಿ, ಒಂದೇ ಕಂಬಳಿಯನ್ನು ಇಬ್ಬರೂ ಮೊಣಕಾಲಿಗೆ ಹೊದ್ದು ಕೂರುತ್ತಿದ್ದೇವೆ. ಅವಳ ಬಾಯಿಂದ ನಾಲ್ಕು ಮಾತು ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. 'ಬಂದ್ಯಾ ನಾರ್ಬರ್ಟ್', 'ಚಳಿ ಜಾಸ್ತಿ', 'ಬರ್ತೀನಿ'. ಮುಗಿಯಿತು! ಹಗಲೆಲ್ಲ ಅಂಚೆ ಕಚೇರಿ, ಆಮೇಲೆ ಮನೆ. ಮದುವೆಯಿಲ್ಲ, ಒಡಹುಟ್ಟಿದವರಿಲ್ಲ. ಆ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೊ ಒಂದೇ.

ಅಂಕದ ವಿಷಯಕ್ಕೆ ಬಂದರೆ ಮಾತ್ರ ಅಪ್ಪನಾಣೆಗೂ ಬಗ್ಗುವವಳಲ್ಲ. ಗೋಲು ಹೊಡೆದವನಿಗೆ ಒಂದು ಪಾಯಿಂಟು, ಅವನಿಗೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ದಾಟಿಸಿಕೊಟ್ಟ ಇಬ್ಬರಿಗೆ ತಲಾ ಒಂದು. ಯಾರು ದಾಟಿಸಿದರು ಎಂದು ರೆಫ್ರಿಗೆ ಕಾಣದಿದ್ದರೆ ಅವಳು ಬರೆದದ್ದೇ ಕೊನೆ. ಒಮ್ಮೆ ಮೇಯರ್ ಮೊಮ್ಮಗನಿಗೆ ಪಾಯಿಂಟು ಕೊಡಲಿಲ್ಲವೆಂದು ಮೇಯರ್ ಎರಡು ವರ್ಷ ಅವಳ ಕೈಯಿಂದ ಸ್ಟಾಂಪು ಕೊಳ್ಳಲಿಲ್ಲ.

ನಮ್ಮೂರ ತಂಡಕ್ಕೆ ಹೊರಗಿನಿಂದ ಬರುವ ಆಟಗಾರರಿಗೆ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಊರಿನವರ ಮನೆಯಲ್ಲೇ ಊಟ, ಹಾಸಿಗೆ. ಈ ಸಲ ಮನೆಗಳು ಸಾಲದೆ ಕೋಚ್ ಲಾರೋಕ್ ಸ್ಟೆಫಿಯ ಬಾಗಿಲು ಬಡಿದ. ಹಾಗೆ ಬಂದವನು ಡಾಸನ್ ಫ್ರಿಸೆನ್. ಮ್ಯಾನಿಟೋಬಾ ಪ್ರಾಂತ್ಯದ ಕಡೆಯ ಹದಿನೆಂಟರ ಹುಡುಗ, ಮಹಾ ವಾಚಾಳಿ. ಅವನು ಬಂದ ಮೇಲೆ ಗಾಜಿನ ಗೂಡಿನಲ್ಲಿ ಸ್ಟೆಫಿಯ ಬಾಯಿಗೂ ಬಿಡುವಿಲ್ಲ.

"ನಾರ್ಬರ್ಟ್, ನಿನ್ನೆ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮಾಡಿದ್ದೆ. ಇಪ್ಪತ್ತೆರಡು ತಿಂದ ಮಾರಾಯ! ಆಮೇಲೆ ಇನ್ನೂ ಇದೆಯಾ ಅಂತಾನೆ. ಸ್ನಾನಕ್ಕೆ ಹೋದ್ರೆ ಹಾಡ್ತಾನೆ. ಬರೀ ಅಪಸ್ವರ!"

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಇಷ್ಟು ಮಾತು ಇವಳಲ್ಲಿ ಎಲ್ಲಿತ್ತು? ಅಕ್ಟೋಬರ್ ಕಳೆಯುವಷ್ಟರಲ್ಲಿ ಅವಳು ನಗುವುದನ್ನೂ ಕಂಡೆ. ಹುಡುಗನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ.

ಆದರೆ ಆಟ? ಅಯ್ಯೋ, ಅದನ್ನು ಕೇಳಬೇಡಿ. ಡಿಸೆಂಬರ್ ಬಂದರೂ ಅವನ ಹೆಸರಿನ ಮುಂದೆ ನಾಲ್ಕೇ ಪಾಯಿಂಟು. ಒಂದು ದಿನ ಕ್ಯಾಂಟೀನಿನಲ್ಲಿ ಲಾರೋಕ್ ಎಲ್ಲರಿಗೂ ಕೇಳುವಂತೆ ಗುಡುಗಿದ: "ಫ್ರಿಸೆನ್, ಜನವರಿ ಹತ್ತರವರೆಗೆ ನೋಡ್ತೀನಿ. ಹೀಗೇ ಇದ್ರೆ ಗಂಟುಮೂಟೆ ಕಟ್ಕೊಂಡು ಮನೆಗೆ ಹೋಗ್ತಾ ಇರು." ಜನವರಿ ಹತ್ತಕ್ಕೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಮುಗಿಯುತ್ತದೆ. ಸ್ಟೆಫಿ ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದಳು.

ಮುಂದಿನ ಪಂದ್ಯದಲ್ಲಿ ನಮ್ಮವರು ಗೋಲು ಹೊಡೆದಾಗ ಡಾಸನ್ ದೂರದ ಮೂಲೆಯಲ್ಲಿ ಬಿದ್ದಿದ್ದ ಕೈಗವಸು ಹೆಕ್ಕಿಕೊಳ್ಳುತ್ತಿದ್ದ. ಸ್ಟೆಫಿ ಅವನ ಹೆಸರಿಗೆ ಒಂದು ಪಾಯಿಂಟು ಬರೆದಳು. ನಾನು ಅವಳ ಮುಖ ನೋಡಿದೆ.

"ಏನು ನೋಡ್ತೀಯಾ? ನಿನ್ನ ಗಡಿಯಾರ ನೋಡ್ಕೋ."

ಕ್ರಿಸ್‌ಮಸ್ ದಾಟುವಷ್ಟರಲ್ಲಿ ಅಂಥವು ಐದಾದವು. ಆ ಅಂಕಗಳಿಂದ ಧೈರ್ಯ ಬಂದು ಹುಡುಗ ನಿಜವಾಗಿಯೂ ಎರಡು ಗೋಲು ಹೊಡೆದ. ಐದನೆಯದನ್ನು ಬರೆದಾಗ ನನಗೆ ತಡೆಯಲಾಗಲಿಲ್ಲ.

"ಸ್ಟೆಫಿ, ಇದು ಸರಿಯಿಲ್ಲ ಕಣೇ. ನಿನ್ನ ಹತ್ತೊಂಬತ್ತು ವರ್ಷಕ್ಕೆ ಮಸಿ ಬಳಿತಿದ್ದೀಯ."

"ಇವನೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ? ಹೇಳು, ಯಾರ ಹತ್ರ?"

ನನ್ನ ಹತ್ತಿರ ಮಾತಾಡು ಎನ್ನಬೇಕಿತ್ತು. ಗಡಿಯಾರದ ಗುಂಡಿ ಒತ್ತಿದೆ.

ಜನವರಿ ಹತ್ತರ ಬೆಳಿಗ್ಗೆ ನಾನು ಕಾಗದ ತರಲು ಅಂಚೆ ಕಚೇರಿಗೆ ಹೋಗಿದ್ದಾಗ ಲಾರೋಕ್ ಕುಣಿಯುತ್ತಾ ಬಂದ.

"ಸ್ಟೆಫಿ, ನಿಮ್ಮ ಹುಡುಗನ ಅದೃಷ್ಟ ಖುಲಾಯಿಸ್ತು! ಲೀಗಲ್ಲೇ ಮೊದಲನೇ ತಂಡದವರು ಕೇಳಿದಾರೆ. ಬದಲಿಗೆ ಇಬ್ಬರನ್ನ ಕೊಡ್ತಾರಂತೆ. ಡಿಸೆಂಬರಲ್ಲಿ ಅವನ ಹೆಸರೂ ಗೊತ್ತಿರ್ಲಿಲ್ಲ ಅವರಿಗೆ. ಪಾಯಿಂಟು ನೋಡಿ ಬಂದ್ರು!"

"ಪಾಯಿಂಟು ಇಲ್ದಿದ್ರೆ?" ಎಂದಳು ಸ್ಟೆಫಿ.

"ಇಲ್ದಿದ್ರೆ ಯಾರು ಮೂಸಿ ನೋಡ್ತಿದ್ರು? ಮಾರ್ಚ್‌ವರೆಗೆ ಬೆಂಚಲ್ಲಿ ಕೂರಿಸ್ಕೊಂಡಿರ್ತಿದ್ದೆ."

"ಮನೆಗೆ ಕಳಿಸ್ತೀನಿ ಅಂದಿದ್ರಲ್ಲ?"

"ಅಯ್ಯೋ, ಅದು ಹೆದರಿಸೋಕೆ ಹೇಳಿದ್ದು. ಎಲ್ಲರಿಗೂ ಹೇಳ್ತೀನಿ!"

ಸ್ಟೆಫಿ ಕೈಯಲ್ಲಿದ್ದ ಲಕೋಟೆಗೆ ಮುದ್ರೆ ಒತ್ತಿದಳು. ಒತ್ತಿದ ಮೇಲೆ ಅದೇ ಲಕೋಟೆಗೆ ಇನ್ನೊಮ್ಮೆ ಒತ್ತಿದಳು.

ಮಧ್ಯಾಹ್ನ ಎರಡಕ್ಕೆ ಹುಡುಗ ಹೊರಟ. ಗಡುವಿನ ದಿನ ಹಾಗೆಯೇ, ಕರೆ ಬಂದ ಕೂಡಲೇ ಹೊರಡಬೇಕು. ಅವನ ಚೀಲಗಳನ್ನು ನಾನೇ ಕಾರಿಗೆ ತುಂಬಿದೆ. ಮೆಟ್ಟಿಲ ಮೇಲೆ ಅವನು ಸ್ಟೆಫಿಯನ್ನು ಬಿಗಿಯಾಗಿ ತಬ್ಬಿಕೊಂಡ.

"ಆಂಟಿ, ಆ ಐದು ನನ್ನವಲ್ಲ ಅಂತ ನನಗೆ ಗೊತ್ತಿತ್ತು. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ನಾನು ದೊಡ್ಡ ತಂಡಕ್ಕೆ ಹೋಗ್ಲಿ ಅಂತ ತಾನೇ ಬರೆದ್ರಿ? ನಮ್ಮಮ್ಮನೂ ನನಗೋಸ್ಕರ ಇಷ್ಟು ಮಾಡ್ತಿರ್ಲಿಲ್ಲ."

ಸ್ಟೆಫಿ ಅವನ ಕೋಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದಳು.

"ಮತ್ತೆ ಇನ್ಯಾಕೆ ಅಂದ್ಕೊಂಡೆ? ಹೋಗು. ರಸ್ತೆ ಜಾರುತ್ತೆ, ನಿಧಾನ."

ಕಾರು ಧಾನ್ಯದ ಗೋದಾಮು ದಾಟಿ ಕಾಣದಾಯಿತು. ಅವಳು ನನ್ನ ಕಡೆ ತಿರುಗಲಿಲ್ಲ.

"ನಾರ್ಬರ್ಟ್, ಯಾಕೆ ಬರೆದೆ ಅಂತ ಅವನಿಗೆ ಯಾವತ್ತೂ ಹೇಳ್ಬೇಡ."

ಆಯಿತು ಎಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು, ದಡ್ಡ ಶಿಖಾಮಣಿ, ಬಾಗಿಲು ತಟ್ಟದೆ ಮನೆಗೆ ಹೋದೆ.