ಆ ನಾಲಗೆ ಮಿಲಿಂದನದು

ನನ್ನ ನಾಲಗೆಯ ಬಗ್ಗೆ ನೀವು ಕೇಳಿರುವ ಕಥೆ ಸುಳ್ಳು. ಸ್ಪೇನಿನ ಹಳೆಯ ಕೆಂಪು ವೈನಿನ ಒಂದು ಗುಟುಕಿನಲ್ಲಿ ಪಖಾಲಿಯ ನೀರಿನ ರುಚಿಯನ್ನು ಗುರುತು ಹಿಡಿದವನು ನಾನಲ್ಲ. ಹಿಡಿದವನು ಮಿಲಿಂದ — ಔರಾದಿನವನು, ನನ್ನ ಶಾಲೆಯ ಗೆಳೆಯ. ಅವನ ಮಾತನ್ನು ನನ್ನ ಬಾಯಿಗೆ ಹಾಕಿಕೊಂಡು ಐವತ್ತು ವರ್ಷ ಬಾಳಿದೆ. ಕದ್ದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ — ಆದರೂ ಬರೆಯುತ್ತೇನೆ. ಕದ್ದೆ.

ಈಗಿನವರಿಗೆ ಪಖಾಲಿ ಗೊತ್ತಿರಲಿಕ್ಕಿಲ್ಲ. ಕೋಣದ ಬೆನ್ನಿನ ಮೇಲೆ ಹೇರುವ ದೊಡ್ಡ ಚರ್ಮದ ಚೀಲ ಅದು. ಬರಗಾಲದಲ್ಲಿ ಅದರಲ್ಲಿ ನೀರು ತುಂಬಿ ಊರೂರಿಗೆ ಒಯ್ಯುತ್ತಿದ್ದರು.

ನಾನು ಮೊದಲಿನಿಂದಲೂ ಹೆಮ್ಮೆಯ ಮನುಷ್ಯ. ತಪ್ಪು ಒಪ್ಪಿಕೊಳ್ಳಲು ಕೂತಿರುವ ಈ ಹೊತ್ತಿನಲ್ಲೂ ಕೈ ಮೀಸೆಯ ಕಡೆ ಹೋಗುತ್ತಿದೆ, ಏನು ಮಾಡಲಿ. ಭಾಲ್ಕಿಯ ಜೋಳದ ರೊಟ್ಟಿ ತಿಂದು ಬೆಳೆದ ಈ ದತ್ತು ಮುಂಬಯಿಯ ಸಮುದ್ರದಂಚಿನ ದೊಡ್ಡ ಹೋಟೆಲಿನಲ್ಲಿ, ಆಮೇಲೆ ಪರದೇಶದ ಹಡಗುಗಳಲ್ಲಿ ವೈನಿನ ಮುಖ್ಯಸ್ಥನಾಗಿದ್ದ. ಬಿರಡೆ ತೆಗೆದು ಒಂದು ಸಲ ಮೂಗಿಗೆ ಹಿಡಿದರೆ ಬಾಟಲಿ ಕೆಟ್ಟಿದೆಯೋ ಇಲ್ಲವೋ ಹೇಳುತ್ತಿದ್ದೆ. ತಪ್ಪಿದ್ದು ಬಹಳ ಕಡಿಮೆ. ಆ ದುಡಿಮೆ ನನ್ನದು, ಅದನ್ನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ. ಆದರೆ ಆ ಕೆಲಸದ ಬಾಗಿಲು ನನಗೆ ತೆರೆದದ್ದು ಬೇರೆಯವನ ಮಾತಿನಿಂದ.

ನಿವೃತ್ತನಾಗಿ ಬೀದರಕ್ಕೆ ಬಂದು ಮೈಲೂರಿನಲ್ಲಿ ಮನೆ ಕಟ್ಟಿಸುವಾಗ, ನೆಲದ ಕೆಳಗೆ ಕೆಂಪು ಕಲ್ಲು ಕೊರೆಸಿ ಒಂದು ಸಣ್ಣ ಕೋಣೆ ಮಾಡಿಸಿದೆ. ಹೊರಗೆ ಬಿಸಿಲು ಎಷ್ಟೇ ಇರಲಿ, ಅಲ್ಲಿ ತಂಪು. "ಇಲ್ಲಿ ದೇವರು ಇಡ್ತೀರೇನ್ರಿ?" ಎಂದು ಗೌಂಡಿ ಕೇಳಿದ್ದ. ಹತ್ತಿರ ಹತ್ತಿರ ಅದೇ ಎಂದಿದ್ದೆ. ನಲವತ್ತು ವರ್ಷದಲ್ಲಿ ಒಂದೊಂದಾಗಿ ಕೂಡಿಸಿದ ಬಾಟಲಿಗಳು ಅಲ್ಲಿ ಮಲಗಿವೆ. ಎಲ್ಲವೂ ಸ್ಪೇನಿನವು, ಎಲ್ಲವೂ ಹಳೆಯ ಪದ್ಧತಿಯವು — ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿಟ್ಟು, ಆಮೇಲೆ ಮತ್ತೆ ವರ್ಷಗಟ್ಟಲೆ ಬಾಟಲಿಯಲ್ಲಿಟ್ಟು, ಆತುರವೆಂಬುದೇ ಇಲ್ಲದೆ ಮಾಡಿದ್ದು. ಹೊಸ ವೈನು ನೇರಳೆ ಹಣ್ಣಿನ ಬಣ್ಣ ಇರುತ್ತದೆ. ಇದನ್ನು ಗ್ಲಾಸಿನಲ್ಲಿ ಓರೆ ಮಾಡಿ ನೋಡಿದರೆ ಅಂಚಿನಲ್ಲಿ ನಮ್ಮ ಬೀದರದ ಕೆಂಪು ಕಲ್ಲಿನ ಬಣ್ಣ.

ವರ್ಷಕ್ಕೊಮ್ಮೆ, ಚಳಿಗಾಲದ ಒಂದು ರವಿವಾರ ಮಧ್ಯಾಹ್ನ, ಒಂದು ಬಾಟಲಿ ಮೇಲೆ ಬರುತ್ತದೆ. ಸೇರುವವರು ಮೂವರೇ: ನಾನು, ದನದ ಡಾಕ್ಟರಾಗಿದ್ದ ಬಸವರಾಜ, ಮತ್ತು ಮಿಲಿಂದ — ಔರಾದಿನಲ್ಲಿ ಹೆಡ್‌ಮಾಸ್ತರನಾಗಿದ್ದು ನಿವೃತ್ತನಾಗಿ, ಈಗ ಇಲ್ಲೇ ಬೀದರದ ಚಿದ್ರಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ಬಸವರಾಜ ಪ್ರತಿ ಸಲ ಮೊದಲ ಗುಟುಕಿಗೆ ಮುಖ ಸಿಂಡರಿಸಿ, "ಬಾಣಂತಿ ಎಮ್ಮಿಗಿ ಕೊಡೂ ಟಾನಿಕ್ ಹಿಂಗೇ ಇರ್ತದ್ರಿ" ಎನ್ನುತ್ತಾನೆ. ಎರಡನೆಯ ಗ್ಲಾಸಿಗೆ ಸುಮ್ಮನಾಗುತ್ತಾನೆ. ಆಮೇಲೆ, "ಆ ಪಖಾಲಿ ಕಥಿ ಹೇಳ್ರಿ" ಎನ್ನುತ್ತಾನೆ. ನಾನು ಹೇಳುತ್ತೇನೆ. ಮಿಲಿಂದ ಎದುರಿಗೆ ಕೂತಿರುತ್ತಾನೆ.

ಕಥೆ ನಿಜವಾಗಿ ನಡೆದದ್ದು ಹೀಗೆ.

ಮಿಲಿಂದ ಭಾಲ್ಕಿಗೆ ಓದಲು ಬಂದು ಹಾಸ್ಟೆಲಿನಲ್ಲಿದ್ದ. ನಾವಿಬ್ಬರೂ ಒಂದೇ ಬೆಂಚು. ಆ ದೊಡ್ಡ ಬರದ ವರ್ಷಗಳಲ್ಲಿ ಅವನ ತಾಯಿ ರಸ್ತೆಯ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದಳು. ತಂದೆ ಆ ಕೂಲಿಗಳಿಗೆ ಕೋಣದ ಮೇಲೆ ನೀರು ತರುತ್ತಿದ್ದ. ರಜೆಯಲ್ಲಿ ಹೋದಾಗ ಪಖಾಲಿಯ ಬಾಯಿ ಹಿಡಿದು ಜನಕ್ಕೆ ನೀರು ಬಿಡುವ ಕೆಲಸ ಮಿಲಿಂದನದು. ಎಲ್ಲರಿಗೂ ಬಿಟ್ಟು ಕೊನೆಗೆ ತಾನೂ ಅದನ್ನೇ ಕುಡಿಯುತ್ತಿದ್ದ.

ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಓದು ಬಿಟ್ಟು ಇಬ್ಬರೂ ಮುಂಬಯಿಗೆ ಹೊರಟೆವು. ಭಾಲ್ಕಿ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಅರ್ಧ ತಾಲೂಕು ಗಂಟು ಕಟ್ಟಿಕೊಂಡು ಅಲ್ಲೇ ನಿಂತಂತಿತ್ತು. ಸಮುದ್ರದಂಚಿನ ಆ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದದ್ದು ಮಿಲಿಂದನ ಊರಿನವರು. ಅವರ ಮಾತಿನ ಮೇಲೆ ನನಗೂ ಕೆಲಸ ಸಿಕ್ಕಿತು. ಇದನ್ನೂ ನಾನು ಯಾವತ್ತೂ ಕಥೆಯಲ್ಲಿ ಸೇರಿಸಲಿಲ್ಲ — ಮಾವನ ಗುರುತಿನಿಂದ ಹೋದೆ ಎನ್ನುತ್ತಿದ್ದೆ.

ಅಲ್ಲಿ ವೈನಿನ ಉಸ್ತುವಾರಿ ಗೋವಾದ ಒಬ್ಬ ಹಿರಿಯರದು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಒಂದು ಸಲ ಹೋಟೆಲಿನಲ್ಲಿ ಸ್ಪೇನಿನ ಊಟದ ವಾರ ಏರ್ಪಾಟಾಯಿತು, ಪೆಟ್ಟಿಗೆಗಟ್ಟಲೆ ಹಳೆಯ ಕೆಂಪು ವೈನು ಬಂತು. ಉಸ್ತಾದರಿಗೆ ಒಬ್ಬ ಸಹಾಯಕ ಬೇಕಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಮ್ಮಂಥ ಐದಾರು ಜನರನ್ನು ನಿಲ್ಲಿಸಿಕೊಂಡರು. ಬಾಟಲಿಯ ಕುತ್ತಿಗೆಯ ಕೆಳಗೆ ಮೇಣದ ಬತ್ತಿ ಹಿಡಿದು, ಗಸಿ ಬಾರದ ಹಾಗೆ ನಿಧಾನವಾಗಿ ಬಗ್ಗಿಸಿ, ಒಬ್ಬೊಬ್ಬರಿಗೆ ಎರಡೆರಡು ಗುಟುಕು ಕೊಟ್ಟರು.

"ಪುಸ್ತಕದ ಮಾತು ಬೇಡ. ಇದರಲ್ಲಿ ನಿಮ್ಮ ಊರಿನದು ಏನಾದರೂ ಇದೆಯೇ, ಅದನ್ನು ಹೇಳಿ" ಎಂದರು ಹಿಂದಿಯಲ್ಲಿ.

ಒಬ್ಬ ಸ್ಟ್ರಾಬೆರಿ ಎಂದ. ಇನ್ನೊಬ್ಬ ಚೆರ್ರಿ ಎಂದ. ಎರಡೂ ಹಣ್ಣನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ನನಗೆ ಏನೂ ಹೊಳೆಯಲಿಲ್ಲ. ಹುಳಿ, ಒಗರು, ಅಷ್ಟೇ. ಮಿಲಿಂದ ಕಣ್ಣು ಮುಚ್ಚಿ ನಿಂತಿದ್ದ. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ:

"ಪಖಾಲಿ ನೀರು ಇದು, ದತ್ತು. ಹೊಸಾದಲ್ಲ, ಹಳೀದು. ಹೊಸಾ ಪಖಾಲಿ ನೀರು ಚರ್ಮ ಹದಾ ಮಾಡಿದ ತೊಗಟಿ ಕಹಿ ಬರ್ತದ. ವರ್ಷಗಟ್ಲೆ ನೀರು ಉಂಡ ಚರ್ಮ ನೋಡು, ಅದು ಹಿಂಗ ಸೀ ಬರ್ತದ."

ಅವನ ಮುಖ ಅರಳಿತ್ತು. ಊರು ಬಿಟ್ಟ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನು ಏನು ಹೇಳಿದೆ ಗೊತ್ತೇ?

"ಹೇಳಬ್ಯಾಡ. ಚರ್ಮ ಅಂದಿ ಅಂದ್ರ ಯಾರ ಪೈಕಿ ಅಂತ ಕೇಳ್ತಾರ. ಮಂದಿ ನಗ್ತಾರ."

ಆ ಹೋಟೆಲಿನಲ್ಲಿ ಅವನ ಜಾತಿಯನ್ನು ಯಾರೂ ಕೇಳಿರಲಿಲ್ಲ. ಎಲ್ಲರೊಂದಿಗೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ, ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುತ್ತಿದ್ದ, ಅದು ಅವನಿಗೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದೆ. ಅವನ ನಗು ನಿಂತುಹೋಯಿತು. ಉಸ್ತಾದರು ಅವನ ಮುಂದೆ ಬಂದಾಗ, ಏನೂ ಗೊತ್ತಾಗಲಿಲ್ಲ ಸಾಹೇಬ್ ಎಂದು ತಲೆ ತಗ್ಗಿಸಿದ.

ಮುಂದಿನ ಸರದಿ ನನ್ನದು. ಬಾಯಿ ತೆರೆಯುವವರೆಗೆ ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ ಎಂದು ಬರೆಯಬಹುದು — ಬರೆದರೆ ನೀವು ನಂಬಲೂಬಹುದು. ಆದರೆ ಗೊತ್ತಿತ್ತು. ಅವನ ಸರದಿ ಮುಗಿಯಲಿ ಎಂದೇ ಕಾಯುತ್ತಿದ್ದೆ. ಹೊಸ ಪಖಾಲಿ, ಹಳೆಯ ಪಖಾಲಿ, ತೊಗಟೆಯ ಕಹಿ, ನೀರುಂಡ ಚರ್ಮದ ಸಿಹಿ — ಎಲ್ಲವನ್ನೂ ಅವನು ಹೇಳಿದ ಕ್ರಮದಲ್ಲೇ ಹೇಳಿದೆ. ಉಸ್ತಾದರು ಬಾಟಲಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಇದು ನಿನಗೇ ಹೊಳೆದದ್ದಾ?"

"ಜೀ" ಎಂದೆ.

ಯಾರೂ ನಗಲಿಲ್ಲ. ನೀನು ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಅವನನ್ನು ಹೆದರಿಸಿದ ಮಾತಿಗೇ ನನಗೆ ಶಹಬ್ಬಾಸ್ ಸಿಕ್ಕಿತು. ಮಿಲಿಂದ ನನ್ನನ್ನು ಒಮ್ಮೆ ನೋಡಿದ, ಅಷ್ಟೇ. ಆಮೇಲೆ ಎಲ್ಲರ ಗ್ಲಾಸುಗಳನ್ನು ಕೂಡಿಸಿ ತೊಳೆಯಲು ಒಯ್ದ — ನನ್ನದನ್ನೂ.

ನಾನು ಉಸ್ತಾದರ ಕೈಕೆಳಗೆ ಸೇರಿದೆ. ಅವನು ಪಾತ್ರೆ ತೊಳೆಯುವಲ್ಲೇ ಇದ್ದು, ಮಳೆಯಾದ ವರ್ಷ ಊರಿಗೆ ಮರಳಿದ. ಮತ್ತೆ ಓದಿದ, ಮೇಷ್ಟ್ರಾದ, ಔರಾದಿನ ಎಷ್ಟೋ ಮಕ್ಕಳನ್ನು ದಡ ಮುಟ್ಟಿಸಿದ. ಅವನ ಬಾಳು ಹಾಳಾಯಿತು ಎಂದು ಹೇಳಿದರೆ ಅದು ಅವನಿಗೆ ಅವಮಾನ. ಬೀದರದ ಬಸ್‌ಸ್ಟ್ಯಾಂಡಿನಲ್ಲಿ ಅವನು ಹೆಜ್ಜೆಗೊಮ್ಮೆ ನಮಸ್ಕಾರ ತೆಗೆದುಕೊಳ್ಳುತ್ತಾ ನಡೆಯುವುದನ್ನು ನೋಡಬೇಕು ನೀವು. ಆದರೆ ಅಂಥ ನಾಲಗೆ ಒಂದು ಅವನ ಬಾಯಿಯಲ್ಲಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಅದು ಗೊತ್ತಾಗದ ಹಾಗೆ ನೋಡಿಕೊಂಡವನು ನಾನು.

ಹೋದ ವರ್ಷದ ರವಿವಾರ ಮಿಲಿಂದ ತನ್ನ ಮಗಳು ಸುಜಾತಾಳನ್ನೂ ಕರೆದುಕೊಂಡು ಬಂದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ; ಗ್ಲಾಸಿನಲ್ಲಿ ಬರೀ ಮೂಗಿಟ್ಟು ನೋಡಿ ಕೆಳಗಿಟ್ಟಳು. ಬಸವರಾಜ ಕಥೆ ಹೇಳಿರೆಂದ, ನಾನು ಹೇಳಿದೆ, ಎಂದಿಗಿಂತ ಚೆನ್ನಾಗಿಯೇ ಹೇಳಿದೆ. ಮುಗಿದ ಮೇಲೆ ಹುಡುಗಿ ಕೇಳಿದಳು:

"ಕಾಕಾ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಪಖಾಲಿ ನೀರು ಒಳಗ ತರಿಸ್ಕೋತಿದ್ರೇನ್ರಿ?"

ಬಸವರಾಜನ ಕೈ ತಟ್ಟೆಯಲ್ಲಿದ್ದ ಶೇಂಗಾದ ಮೇಲೆ ನಿಂತಿತು. ನಮ್ಮದು ಮಡಿಯ ಮನೆ. ಚಪ್ಪಲಿ ಮುಟ್ಟಿದ ಕೈಯಿಂದ ಕೊಡ ಮುಟ್ಟಿದರೆ ಅಜ್ಜಿ ಆ ಕೊಡವನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕುತ್ತಿದ್ದಳು. ಮನೆಯ ಬಾವಿ ಬತ್ತಿದಾಗಲೂ ಎರಡು ಮೈಲಿ ನಡೆದು ಹಿತ್ತಾಳೆ ಕೊಡದಲ್ಲಿ ನೀರು ತಂದೆವೇ ಹೊರತು, ಚರ್ಮ ಮುಟ್ಟಿದ ನೀರು ಹೊಸಿಲು ದಾಟಲಿಲ್ಲ. ನಾನು ಪಖಾಲಿಯ ಒಂದು ಹನಿಯನ್ನೂ ಕುಡಿದವನಲ್ಲ. ಇದು ನಮ್ಮ ಸೀಮೆಯ ಯಾರಿಗಾದರೂ ಮೊದಲ ಸಲ ಕೇಳಿದಾಗಲೇ ಹೊಳೆಯಬೇಕಿತ್ತು. ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ.

ನಾನು ಗ್ಲಾಸು ಕೆಳಗಿಟ್ಟೆ. ಅಷ್ಟರಲ್ಲಿ ಮಿಲಿಂದ ಮಗಳಿಗೆ ಹೇಳಿದ:

"ಬರ ಬಿದ್ದಾಗ ಯಾರ ಮನಿ ಮಡಿ ಉಳೀತದವ್ವ? ಎಲ್ಲಾರೂ ಕುಡೀತಿದ್ರು."

ನನಗಾಗಿ ಅವನು ಸುಳ್ಳು ಹೇಳಿದ — ಸ್ವಂತ ಮಗಳಿಗೆ. ಮತ್ತೆ ನಾನು? ಹೌದು ಹೌದು ಎಂದು ತಲೆಯಾಡಿಸಿದೆ. ಮುಂಬಯಿಯಲ್ಲಿ ನನಗೆ ಇಪ್ಪತ್ತು ವಯಸ್ಸು. ಇಲ್ಲಿ ಎಪ್ಪತ್ತು.

ಮರುದಿನ ಬೆಳಿಗ್ಗೆ ಆಟೋ ಹಿಡಿದು ಚಿದ್ರಿಗೆ ಹೋದೆ. ಅವನು ಅಂಗಳದಲ್ಲಿ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದ. ನಿಂತೇ ಹೇಳಿದೆ, ಎಲ್ಲವನ್ನೂ, ಅವನಿಗೆ ಗೊತ್ತಿದ್ದದ್ದನ್ನೇ. ಅವನು ಕೈ ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳ್ತಿ? ನನಗ ಗೊತ್ತದ. ಗೊತ್ತಿಲ್ಲದವರಿಗಿ ಹೇಳು."

"ಇಷ್ಟು ವರ್ಷ ನೀ ಯಾಕ ಸುಮ್ಮನಿದ್ದಿ?"

"ನೀ ಚೊಲೋ ಹೇಳ್ತಿದ್ದಿ. ನನ್ನ ಮಾತು ದೇಶ ತಿರಗಲಿಕತ್ತದ ಅಂತ ಕೇಳ್ತಿದ್ದೆ." ಇನ್ನೆರಡು ಕಾಯಿ ಸುಲಿದ. "ಆದ್ರ ಪ್ರತಿ ಸಲ ದಾರಿ ನೋಡ್ತಿದ್ದೆ. ಈ ಸಲ ಹೇಳ್ತಾನೇನೋ ಅಂತ."

ಕೂರು ಎಂದು ಅವನು ಹೇಳಲಿಲ್ಲ. ನಿಂತಲ್ಲಿಂದಲೇ ಮನೆಗೆ ಬಂದೆ.

ಗೊತ್ತಿಲ್ಲದವರಿಗೆ ಹೇಳುವುದು ಅವನಿಗೆ ಹೇಳಿದಷ್ಟು ಸುಲಭವಲ್ಲ. ಇನ್ನೊಂದು ವರ್ಷ ಹಾಗೇ ಕಳೆದೆ, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಈ ಚಳಿಗಾಲದಲ್ಲಿ ನನ್ನಲ್ಲಿದ್ದ ಅತಿ ಹಳೆಯ ಬಾಟಲಿಯನ್ನು ಮೇಲೆ ತಂದೆ. ಮಿಲಿಂದನನ್ನೂ ಸುಜಾತಾಳನ್ನೂ ಬಸವರಾಜನನ್ನೂ ಕರೆದೆ. ಬಿರಡೆ ತೆಗೆಯುವ ಮೊದಲೇ ಹೇಳಿದೆ — ಪಖಾಲಿ ಇವನದು, ಮಾತು ಇವನದು, ಬಾಯಿ ಮುಚ್ಚಿಸಿದ್ದು ಮಾತ್ರ ನನ್ನದು.

ಬಸವರಾಜ ಮಿಲಿಂದನ ಕಡೆ ಕೈ ತೋರಿಸಿದ. "ಸರ್ ಮುಂದೇ ಕೂತು ಹೇಳ್ತಿದ್ರಿ ಅಲ್ರಿ, ಪ್ರತಿ ವರ್ಷ" ಎಂದ. ಹೌದು ಎಂದೆ. ವೈನು ಬಗ್ಗಿಸಿದೆ, ಮೊದಲ ಗ್ಲಾಸು ಮಿಲಿಂದನ ಮುಂದಿಟ್ಟೆ.

ಸುಜಾತಾ ನನ್ನ ಕಡೆ ನೋಡಲೇ ಇಲ್ಲ. ಕುರ್ಚಿಯನ್ನು ತಂದೆಯ ಕಡೆ ತಿರುಗಿಸಿಕೊಂಡಳು.

"ಬಾಬಾ, ಅವತ್ತ ನಿನಗ ಮತ್ತೇನೇನು ಸಿಕ್ಕಿತ್ತು ಅದರಾಗ?"

ಐವತ್ತು ವರ್ಷದಲ್ಲಿ ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ — ಪಖಾಲಿ ಸಿಕ್ಕಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು. ಮಿಲಿಂದ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಆಮೇಲೆ ಶುರು ಮಾಡಿದ. ಒಣ ಕೊಬ್ಬರಿ ಅದ ಎಂದ. ಬೀಡಿ ಕಟ್ಟೋ ಎಲಿ, ನೀರು ಚಿಮುಕಿಸಿ ಇಟ್ಟದ್ದು, ಎಂದ. ಉತ್ತತ್ತಿ, ಆದರೆ ಸಂತಿದಲ್ಲ, ಡಬ್ಬಿಯ ತಳದಾಗ ಉಳಿದದ್ದು. ಬಡಗಿ ಮನಿ ಕಟ್ಟಿಗಿ ಹೊಟ್ಟು. ಅವ್ವ ಒಡೆದ ಜಲ್ಲಿಯ ಧೂಳು. ಒಂದೊಂದಕ್ಕೂ ಸ್ವಲ್ಪ ನಿಂತು, ಮೇಷ್ಟ್ರ ಹಾಗೆ, ಸರಿಯಾದ ಮಾತು ಸಿಕ್ಕ ಮೇಲೆಯೇ ಹೇಳುತ್ತಿದ್ದ. ಅಷ್ಟು ದೊಡ್ಡ ನಾಲಗೆಯನ್ನು ನಾನು ಯಾವ ಹಡಗಿನಲ್ಲೂ ಕಂಡಿಲ್ಲ. ಅದು ನಮ್ಮ ಬೀದರ ಜಿಲ್ಲೆಯದು, ನನ್ನ ಬೆಂಚಿನದು ಎಂದು ಹೆಮ್ಮೆಯಾಯಿತು — ಆ ಹೆಮ್ಮೆಗೆ ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದು.

ನಾನೂ ನನ್ನ ಗ್ಲಾಸು ಎತ್ತಿಕೊಂಡು, ಅವನು ಹೇಳಿದ ಒಂದೊಂದನ್ನೂ ಹುಡುಕಿದೆ. ಎರಡು ಸಿಕ್ಕವು. ಉಳಿದವು ನನಗೆ ಸಿಗಲಿಲ್ಲ, ಹಾಗೆಂದು ಅವರ ಮುಂದೆ ಹೇಳಿದೆ.