ಸಮುರಾಯ್‌ಗೊಂದು ಎಡೆ

ಜಪಾನಿನ ಸಮುರಾಯ್‌ಗೆ ನಾಟಿಕೋಳಿ ಸಾರು ಬಡಿಸಿದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿರಬಹುದು? ನನಗೆ ಗೊತ್ತಿರುವಂತೆ ಒಂದೇ. ನಮ್ಮದು.

ನಗಬೇಡಿ. ನಡೆದದ್ದು ಹೇಳುತ್ತೇನೆ.

ಜಪಾನಿನವರು ಇಂದಿಗೂ ಹೊತ್ತು ಮೆರೆಸುವ ಒಬ್ಬ ಸಮುರಾಯ್ ವೀರನ ಬಗ್ಗೆ ಮಂಡ್ಯದ ಪುಟ್ಟ ಮ್ಯೂಸಿಯಂನಲ್ಲಿ ಪ್ರದರ್ಶನ ಬಂದಿತ್ತು. (ಹೆಸರು ಕೇಳಬೇಡಿ. ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೇನೆ.) ಕತ್ತಿ, ಪತ್ರ, ಫೋಟೊ, ಪಕ್ಕದಲ್ಲಿ ಕನ್ನಡದಲ್ಲೇ ವಿವರ ಬರೆದ ಬೋರ್ಡು. ಅಂಕಣಕ್ಕೆ ವಿಷಯ ಸಿಕ್ಕೀತೆಂದು ಹೊರಟೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಹೊಳಲಿನಿಂದ ಬಂದಿದ್ದ ದೊಡ್ಡವ್ವನೂ (ಅಮ್ಮನ ಅಕ್ಕ) ಜೊತೆಗೆ ಹೊರಟಳು. ಹೊಸ ಕನ್ನಡಕ ಬಂದಿತ್ತು. ಏನನ್ನಾದರೂ ನೋಡಲೇಬೇಕಿತ್ತು.

ಫೋಟೊದಲ್ಲಿ ವೀರ ಪಂಚೆಯಂಥದ್ದನ್ನು ಉಟ್ಟು, ಕಾಲಿಗೆ ಬೂಟು ಹಾಕಿದ್ದ. ದೊಡ್ಡವ್ವನಿಗೆ ಅಲ್ಲೇ ಹಿಡಿಸಿಬಿಟ್ಟ. ನಮ್ಮ ಕಡೆ ಮದುವೆ ಗಂಡಿನ ಹಾಗೇ ಇದ್ದಾನೆ ಎಂದಳು. ಬದ್ಧವೈರಿಗಳನ್ನು ಒಂದು ಮಾಡಿದ್ದು, ದೇಶದ ದಿಕ್ಕು ಬದಲಿಸಿದ್ದು, ಎಲ್ಲವನ್ನೂ ನಾನು ಓದಿ ಹೇಳುತ್ತಾ ಹೋದೆ. ಅವಳು ಹೂಂಗುಟ್ಟುತ್ತಾ ಬಂದಳು. ಕೆಟ್ಟದ್ದು ಕೊನೆಯ ಬೋರ್ಡಿನ ಹತ್ತಿರ.

ಅವತ್ತು ವೀರನಿಗೆ ನೆಗಡಿಯಂತೆ. ಕೋಳಿ ತಿನ್ನುವ ಆಸೆಯಾಗಿ ಒಬ್ಬನನ್ನು ತರಲು ಕಳಿಸಿದನಂತೆ. ಕೋಳಿ ಬರುವ ಮೊದಲೇ ಕೊಲೆಗಾರರು ಬಂದರಂತೆ. ವಯಸ್ಸು ಮೂವತ್ತು ಚಿಲ್ಲರೆ. ಮಕ್ಕಳಿಲ್ಲ.

ದೊಡ್ಡವ್ವ ಅಲ್ಲಿಂದ ಕದಲಲಿಲ್ಲ. ಕೊಲೆ ಅವಳಿಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ವೀರರೆಂದ ಮೇಲೆ ಕತ್ತಿಗೆ ಸಾಯುವುದು ಇದ್ದದ್ದೇ. ಆದರೆ ಕೋಳಿ?

"ಕೋಳಿ ತರಾಕ್ ಕಳ್ಸಿ, ಉಣ್ದಂಗೇ ಓಗ್ಬುಟ್ಟವ್ನಲ್ಲಾ," ಎಂದಳು. "ಮಕ್ಳೂ ಇಲ್ಲ. ಈ ಹೈದಂಗೆ ಎಡೆ ಇಕ್ಕೋರ್ ಯಾರ್ಲಾ?"

ಆಗ ಪಿತೃಪಕ್ಷ. ಸತ್ತವರ ಫೋಟೊ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆ ತುಂಬ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ನಾವು ಹೊರಗೆ ಕೂರುವ ಕಾಲ. ನಮ್ಮ ತಾತನಿಗೆ ಇಂದಿಗೂ ಬೀಡಿ ಕಟ್ಟು, ಕ್ವಾರ್ಟರ್ ಬಾಟಲಿ ತಪ್ಪಿಲ್ಲ. (ಬದುಕಿದ್ದಾಗ ಅಜ್ಜಿ ಎರಡನ್ನೂ ಮುಟ್ಟಗೊಡುತ್ತಿರಲಿಲ್ಲ.) ದೊಡ್ಡವ್ವನ ತಲೆಯಲ್ಲಿ ಸಮುರಾಯ್ ಕೂಡ ತಾತನ ಪಕ್ಕ ಪಂಕ್ತಿಯಲ್ಲಿ ಕೂತುಬಿಟ್ಟ. ಅವಳು ಜಾತಿ ಕೇಳಲಿಲ್ಲ, ಪಾಸ್‌ಪೋರ್ಟೂ ಕೇಳಲಿಲ್ಲ.

ಪ್ರದರ್ಶನಕ್ಕೆ ಉಳಿದಿದ್ದು ಒಂದೇ ದಿನ. ನೂರೈವತ್ತು ವರ್ಷದ ಹಸಿವು. ಹೋದರೆ ಮತ್ತೆ ಸಿಗುತ್ತಾನೆಯೇ?

ಮರುದಿನ ಹನ್ನೊಂದಕ್ಕೆ ಮ್ಯೂಸಿಯಂ ಬಾಗಿಲಲ್ಲಿ ನಾವು. ನನ್ನ ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್, ಬಾಳೆಲೆ. ಪ್ರದರ್ಶನದ ಉಸ್ತುವಾರಿಗೆ ಬೆಂಗಳೂರಿನಿಂದ ಬಂದಿದ್ದ ಮೇಡಂ ಕ್ಯಾರಿಯರ್ ನೋಡಿದರು, ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ನಿಜ ಹೇಳುತ್ತೇನೆ, ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ. ಒಳಗೆ ನೀರಿನ ಬಾಟಲಿಗೇ ಪರ್ಮಿಷನ್ ಇಲ್ಲ, ಮುದ್ದೆ ಹೇಗೆ ಬಿಡಲಿ ಎಂದರು ಅವರು. ತಪ್ಪೇನಿಲ್ಲ. ಅವರ ಕೆಲಸ ಹೋದರೆ ದೊಡ್ಡವ್ವ ಕೊಡಿಸುತ್ತಾಳೆಯೇ?

ಕಾಪಾಡಿದ್ದು ಕೆರಗೋಡಿನ ವಾಚ್‌ಮನ್. ತನ್ನ ಮನೆಯಲ್ಲೂ ಮೊನ್ನೆ ತಾನೇ ಎಡೆ ಇಟ್ಟಿದ್ದಾಗಿ ಹೇಳಿ, ಗೇಟಿನ ಪಕ್ಕದ ತನ್ನ ಕೋಣೆ ಬಿಟ್ಟುಕೊಟ್ಟ. ಮೇಡಂ ಕೂಡ ಕರಗಿ, ವೀರನ ಫೋಟೊ ಇದ್ದ ಪಾಂಪ್ಲೆಟ್ ತಂದುಕೊಟ್ಟರು. ಅದನ್ನು ಗೋಡೆಗೆ ಒರಗಿಸಿ, ಕುಂಕುಮ ಇಟ್ಟು, ಮುದ್ದೆ, ಸಾರು, ಎರಡು ಕೋಳಿ ಕಾಲು ಬಡಿಸಿದೆವು. ಮುದ್ದೆ ನುಂಗಲು ಬಾರದಿದ್ದರೆ ಕಷ್ಟ ಎಂದು ಪಕ್ಕದಲ್ಲಿ ಅನ್ನ. ಊದುಬತ್ತಿ ಹಚ್ಚಿ, ಬಾಗಿಲು ಮುಂದೆ ಮಾಡಿ, ನಾಲ್ಕೂ ಜನ ಹೊರಗೆ ಕೂತೆವು. ಒಳಗೆ ಏನೋ ಸದ್ದಾಯಿತು. ಬೆಕ್ಕಿರಬಹುದು ಎಂದೆ. ದೊಡ್ಡವ್ವ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದು, ನಾವೂ ಉಂಡೆವು. ಮೇಡಂ ಎರಡು ಸಲ ಸಾರು ಹಾಕಿಸಿಕೊಂಡರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಎಲ್ಲಿ?

ಕೈ ತೊಳೆದ ದೊಡ್ಡವ್ವ ಸೀದಾ ಹೋಗಿ ಕೊನೆಯ ಬೋರ್ಡಿನ ಮುಂದೆ ನಿಂತಳು. ಅದನ್ನು ತಿದ್ದಬೇಕಂತೆ. ಇತಿಹಾಸವನ್ನು ಹಾಗೆಲ್ಲ ತಿದ್ದಲು ಬರುವುದಿಲ್ಲ ಎಂದು ಮೇಡಂ ಎಲೆಅಡಿಕೆ ಅಗಿಯುತ್ತಲೇ ವಿವರಿಸಿದರು.

"ಉಂಡೋನ್ನ ಉಪಾಸ ಅವ್ನೆ ಅಂತ ಊರೂರ್ಗೂ ಸಾರ್ಕೊಂಡ್ ತಿರುಗ್ತೀಯಲ್ಲವ್ವ," ಎಂದಳು ದೊಡ್ಡವ್ವ. "ನಾನ್ ಇಕ್ಕಿದ್ ಅನ್ನ ಸುಳ್ಳಾ?"

ಅದೇ ಸಾರು ಮೇಡಂ ಹೊಟ್ಟೆಯಲ್ಲೂ ಇತ್ತಲ್ಲ! ಆಚೀಚೆ ನೋಡಿ ಬ್ಯಾಗಿನಿಂದ ಪೆನ್ಸಿಲ್ ತೆಗೆದರು.

ಬೋರ್ಡು ಈಗ ಮುಂದಿನ ಊರಿಗೆ ಹೋಗಿದೆ. ನೀವು ಕಂಡರೆ ಕೊನೆಯ ಸಾಲಿನ ಕೆಳಗೆ ಸ್ವಲ್ಪ ಬಗ್ಗಿ ನೋಡಿ. ಸಣ್ಣ ಅಕ್ಷರದಲ್ಲಿದೆ: 'ಮಂಡ್ಯದಲ್ಲಿ ಉಂಡ.'