ಪೀರಮ್ಮನ ಇಹ್ರಾಮು

ಮಸ್ಕಿಯಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದ ಮಸ್ತಾನಸಾಬ ಭಾಳ ಅವಸರದ ಮನುಷ್ಯ. ಮಕ್ಕಾದ ಉಮ್ರಾ ಯಾತ್ರೆಗೆ ಹೊರಟಾಗಲೂ ಆ ಅವಸರ ಅವನನ್ನು ಬಿಡಲಿಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಂಡದ ಮುಖ್ಯಸ್ಥರು, "ನಿಯ್ಯತ್ ಮಾತ್ರ ವಿಮಾನ ಹಾರಿದ ಮ್ಯಾಲ ಮಾಡ್ರಿ" ಎಂದು ಎರಡು ಸಲ ಹೇಳಿದ್ದರು. ಮಸ್ತಾನಸಾಬ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿ ಪೀರಮ್ಮನನ್ನು ನಮಾಜಿನ ಕೋಣೆಯತ್ತ ಕಳಿಸುತ್ತ, "ಇಲ್ಲೇ ಮಾಡಿಬಿಡು. ಮ್ಯಾಲ ಹೋಗಿ ನಿದ್ದಿ ಹತ್ತಿದ್ರ ಏನ್ ಮಾಡ್ತಿ?" ಎಂದ. ಇಬ್ಬರೂ ನಿಯ್ಯತ್, ಅಂದರೆ ಉಮ್ರಾದ ಸಂಕಲ್ಪ, ಮಾಡಿ ಲಬ್ಬೈಕ್ ಪ್ರಾರ್ಥನೆ ಹೇಳಿದರು. ಅಲ್ಲಿಗೆ ಇಹ್ರಾಮಿನ ಕಟ್ಟು ಶುರುವಾಯಿತು. ಉಮ್ರಾ ಮುಗಿಯುವ ತನಕ ಉಗುರು ತೆಗೆಯುವಂತಿಲ್ಲ, ಕೂದಲು ಕತ್ತರಿಸುವಂತಿಲ್ಲ, ಸುವಾಸನೆ ಸೋಕಿಸುವಂತಿಲ್ಲ.

ಅರ್ಧ ತಾಸಿನಲ್ಲಿ ಕೌಂಟರಿನವರು ಪೀರಮ್ಮನನ್ನು ತಡೆದರು. ಪಾಸ್‌ಪೋರ್ಟಿನ ಹೆಸರಿಗೂ ವೀಸಾದ ಹೆಸರಿಗೂ ತಾಳೆ ಇರಲಿಲ್ಲ. ಎಷ್ಟು ಕೈಮುಗಿದರೂ ಬಿಡಲಿಲ್ಲ.

"ನೀವರ ಹೋಗ್ರಿ," ಎಂದಳು ಪೀರಮ್ಮ. ಅವನು ಹೋದ. ಕಳಿಸಲು ಬಂದಿದ್ದ ಅವಳ ಅಣ್ಣ, ಮುಕ್ಕುಂದದ ಅಲ್ಲಾಭಕ್ಷ್, ತಂಗಿಯನ್ನು ಮಸ್ಕಿಗೆ ಕರೆತಂದ.

ಮೂರನೆಯ ದಿನ ಅವಳು ಫೋನ್ ಮಾಡಿ, "ನಾ ಈ ಇಹ್ರಾಮಿನಿಂದ ಹೊರಗ ಬರೋದು ಹ್ಯಾಂಗ?" ಎಂದು ಕೇಳಿದಳು. "ಇಲ್ಲಿ ಧರ್ಮ ಓದಿದ ದೊಡ್ಡ ದೊಡ್ಡ ಆಲಿಮರು ಅದಾರ, ಕೇಳಿ ಹೇಳ್ತೀನಿ," ಎಂದ ಮಸ್ತಾನಸಾಬ. ಆಮೇಲೆ ಕಾಬಾ ಸುತ್ತುವ ತವಾಫು, ಪುಣ್ಯಸ್ಥಳಗಳ ಜಿಯಾರತ್ತು, ಬಜಾರು ಎನ್ನುವುದರಲ್ಲಿ ಆ ಮಾತು ಮರೆತೇಹೋಯಿತು.

ಹದಿನೈದು ದಿನ ಕಳೆದು ಬಂದವನಿಗೆ ಓಣಿಯ ಜನ ಹಾರ ಹಾಕಿದರು. ಮಂದಿ ಕರಗಿದ ಮೇಲೆ ಅವನು ಮಕ್ಕಾದಿಂದ ತಂದ ಅತ್ತರಿನ ಶೀಶೆ ತೆಗೆದು ಹೆಂಡತಿಯ ಕೈ ಹಿಡಿದ. ಅವಳು ಗಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡ್ರಿ. ನಾ ಇನ್ನಾ ಇಹ್ರಾಮಿನ್ಯಾಗ ಅದೀನಿ."

ಆಗ ಅವನು ಅವಳನ್ನು ಸರಿಯಾಗಿ ನೋಡಿದ. ಉಗುರು ಉದ್ದ ಬೆಳೆದಿದ್ದವು. ಎಲ್ಲಿ ಒಂದು ಕೂದಲು ಕಿತ್ತು ಬಂದೀತೋ ಎಂಬ ಅಂಜಿಕೆಗೆ ಬಾಚಣಿಗೆ ಮುಟ್ಟದೆ ತಲೆ ಜಡೆಗಟ್ಟಿತ್ತು. ಸಾಬೂನಿಗೆ ವಾಸನೆಯಿದೆ ಎಂದು ಇಷ್ಟು ದಿನ ಬರೀ ನೀರಿನ ಸ್ನಾನ.

"ಇಲ್ಲಿ ಯಾರನ್ನರ ಕೇಳಬೇಕಿಲ್ಲೇನು?"

"ನೀವು ಕೇಳ್ತೀನಿ ಅಂದಿದ್ರಲ್ಲ."

ಅವನು ಅತ್ತರಿನ ಶೀಶೆಯನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟ. ಮರುದಿನವೇ ಸಿಂಧನೂರಿಗೆ ಹೋಗಿ ಮೌಲಾನಾರ ಮುಂದೆ ಕುಳಿತ. ಅವರು ಎಲ್ಲ ಕೇಳಿ, "ತಡೆ ಬಂದವರಿಗೆ ದಾರಿ ಐತಿ. ಮಕ್ಕಾದ ಹರಮ್ ಗಡಿಯೊಳಗ ಆಕೀ ಹೆಸರ್ಲೆ ಒಂದು ಕುರಿ ಜಬಹ್ ಮಾಡಿ ಬಲಿ ಕೊಡಬೇಕು. ಆಮ್ಯಾಲ ಕೂದಲ ತುದಿ ಕತ್ತರಿಸಿಕೊಂಡ್ರ ಆಕಿ ಹೊರಗ. ಆದ್ರ ಆ ಉಮ್ರಾ ಮುಂದ ಯಾವಾಗರ ತೀರಿಸಬೇಕು," ಎಂದರು. ಅವನನ್ನೇ ನೋಡುತ್ತ, "ನೀವು ಅಲ್ಲೇ ಇದ್ರಿ. ಒಂದು ಮಾತು ಕೇಳಿದ್ರ ಅವತ್ತೇ ಮುಗೀತಿತ್ತು," ಎಂದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮಕ್ಕಾದಲ್ಲಿ ಗಾಡಿ ಓಡಿಸುತ್ತಿದ್ದ ಲಿಂಗಸೂಗೂರಿನವನೊಬ್ಬನಿಗೆ ಹೇಳಿ ಕುರಿಯ ವ್ಯವಸ್ಥೆಯಾಯಿತು. ಕೆಲಸ ಮುಗಿದ ಸುದ್ದಿ ಫೋನಿನಲ್ಲಿ ಬಂದ ಮೇಲೆ ಪೀರಮ್ಮ ಬೆರಳ ಗೆಣ್ಣಿನಷ್ಟು ಕೂದಲು ಕತ್ತರಿಸಿಕೊಂಡಳು. ಉಗುರು ತೆಗೆಯುವಾಗ ಒಮ್ಮೆಯೂ ತಲೆ ಎತ್ತಲಿಲ್ಲ.

"ಆಕೀ ನಸೀಬ್ದಾಗ ಇರ್ಲಿಲ್ಲ," ಎಂದು ಅಂಗಡಿಗೆ ಬಂದವರು ಅನ್ನುತ್ತಿದ್ದರು. ಮಸ್ತಾನಸಾಬ ಹೂಂ ಅನ್ನುತ್ತಿದ್ದ. ಪ್ರತಿ ಸಲ ಹೂಂ ಅಂದಾಗಲೂ ಒಳಗೆ ಕುಟುಕಿದಂತಾಗುತ್ತಿತ್ತು.

ಮರುವರ್ಷ ಪೀರಮ್ಮ ಅಣ್ಣನ ಜೊತೆ ಹೋಗಿ ಉಮ್ರಾ ತೀರಿಸಿ ಬಂದಳು. ಪಡಸಾಲೆ ತುಂಬ ಹೆಂಗಸರು. ಹೋದ ವರ್ಷ ಯಾಕೆ ತಡೆದರು ಎಂದು ಒಬ್ಬಳು ಕೇಳಿದಾಗ ಪೀರಮ್ಮ ಹೆಸರು ತಪ್ಪಿದ್ದನ್ನಷ್ಟೇ ಹೇಳಿ ನಕ್ಕಳು. ಗಂಡ ಅವಸರ ಮಾಡಿದ್ದು, ಮರೆತದ್ದು, ಯಾವುದನ್ನೂ ಎತ್ತಲಿಲ್ಲ.

ಬಾಗಿಲಲ್ಲಿ ಜಮ್‌ಜಮ್ ನೀರು ಹಂಚುತ್ತಿದ್ದ ಮಸ್ತಾನಸಾಬನಿಗೆ ತಡೆಯಲಾಗಲಿಲ್ಲ. "ಹೆಸರು ತಪ್ಪಿದ್ದು ಖರೆ. ಆದ್ರ ಹದಿನೈದು ದಿನ ಆಕೀನ್ನ ಆ ಕಟ್ಟಿನ್ಯಾಗ ಕೂಡ್ರಿಸಿದಾಂವ ನಾನು," ಎಂದು ಎಲ್ಲವನ್ನೂ ಹೇಳಿಬಿಟ್ಟ.

ಪೀರಮ್ಮ ಅವನನ್ನು ಒಂದು ಗಳಿಗೆ ದಿಟ್ಟಿಸಿ, "ನಿಂತೇ ಇರ್ತೀರೇನು? ಬಂದವರಿಗೆ ಖರ್ಜೂರ ಕೊಡ್ರಿ," ಎಂದಳು.

ಅವನು ತಟ್ಟೆ ಹಿಡಿದು ಒಳಗೆ ಬಂದು, ಮೊದಲ ಖರ್ಜೂರವನ್ನು ಪೀರಮ್ಮನ ಕೈಗೆ ಇಟ್ಟ.